ಹಳ್ಳಿ ಆಸ್ಪತ್ರೆಯ ಓಟಿಗೆ ದೇಣಿಗೆ: ಹದಿನಾಲ್ಕು ತಿಂಗಳ ಲೆಕ್ಕ

ದೇಣಿಗೆ ಅರ್ಜಿಯ ಕೆಲಸ ಶುರುವಾಗಿದ್ದು ಓಟಿ (ಆಪರೇಷನ್ ಥಿಯೇಟರ್) ರಿಜಿಸ್ಟರಿನಿಂದ. ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು, 30 ಹಾಸಿಗೆಯ ಟ್ರಸ್ಟ್ ಆಸ್ಪತ್ರೆ, ಒಂದೇ ಓಟಿ. ಮೂರು ವರ್ಷದ ರಿಜಿಸ್ಟರನ್ನು ಎಕ್ಸೆಲ್‌ಗೆ ಇಳಿಸಲು ಇಬ್ಬರಿಗೆ ಹನ್ನೊಂದು ದಿನ ಹಿಡಿಯಿತು. ದಿನಾಂಕ, ವಯಸ್ಸು, ಊರು, ಕಾಯಿಲೆ, ಆಪರೇಷನ್, ಯಾವ ಅರಿವಳಿಕೆ, ಎಮರ್ಜೆನ್ಸಿಯೋ ಮೊದಲೇ ಗೊತ್ತುಮಾಡಿದ್ದೋ, ಎಷ್ಟು ದಿನಕ್ಕೆ ಡಿಸ್ಚಾರ್ಜ್, ಯಾವ ಸ್ಥಿತಿಯಲ್ಲಿ ಡಿಸ್ಚಾರ್ಜ್. ಇಷ್ಟು ಅದರಲ್ಲೇ ಇತ್ತು. ಇಲ್ಲದಿದ್ದದ್ದು ಒಂದೇ ಕಾಲಂ, ರದ್ದಾದ ಆಪರೇಷನ್ ಮತ್ತು ರದ್ದಾದ ಕಾರಣ. ಆಗದ ಆಪರೇಷನ್‌ಗೆ ಯಾರೂ ನಂಬರ್ ಹಾಕುವುದಿಲ್ಲ, ಹಾಗಾಗಿ ಯಾವ ಆಸ್ಪತ್ರೆಯ ರಿಜಿಸ್ಟರಿನಲ್ಲೂ ಅದು ಸಿಗುವುದು ಕಷ್ಟ. ಹಿಂದಿನ ಸಂಜೆ ಓಟಿ ಲಿಸ್ಟ್ ಬರೆಯುವ ಬಿಳಿ ಬೋರ್ಡಿನ ಫೋಟೊಗಳು ವಾಟ್ಸಾಪ್ ಗುಂಪಿನಲ್ಲಿ ಉಳಿದಿದ್ದವು. ಅವನ್ನು ರಿಜಿಸ್ಟರ್ ಜೊತೆ ತಾಳೆ ಹಾಕಿ, ಬೋರ್ಡಿನಲ್ಲಿದ್ದು ರಿಜಿಸ್ಟರಿಗೆ ಬರದ ಹೆಸರುಗಳನ್ನು ಹೆಕ್ಕಿ, ಒಂದೊಂದಕ್ಕೂ ಕಾರಣ ಕೇಳಿ ಬರೆದೆವು.

ಮೊದಲನೇ ಕಾರಣ ಅರಿವಳಿಕೆ ವೈದ್ಯರು ಬರಲಿಲ್ಲ. ಎರಡನೆಯದು ಸ್ಟೆರೈಲ್ ಬಟ್ಟೆ ಮತ್ತು ಉಪಕರಣಗಳ ಸೆಟ್ ಸಿದ್ಧ ಇರಲಿಲ್ಲ. ಮೂರನೆಯದು ರಕ್ತ. ಆಮೇಲೆ ಕರೆಂಟ್. ದೊಡ್ಡ ಯಂತ್ರ ಇಲ್ಲದ ಕಾರಣಕ್ಕೆ ನಿಂತದ್ದು ಬೆರಳೆಣಿಕೆಯಷ್ಟು. ಅಲ್ಲಿಯವರೆಗೆ ನಮ್ಮ ಕರಡು ಅರ್ಜಿಯ ತುಂಬ ದೊಡ್ಡ ಯಂತ್ರಗಳೇ ಇದ್ದವು. ಆ ಕರಡನ್ನು ಬಿಸಾಕಿ ಹೊಸದಾಗಿ ಬರೆದೆವು.

ಶಸ್ತ್ರಚಿಕಿತ್ಸೆಗೆ ಹಣ ಕೊಡುವ ಫೌಂಡೇಷನ್‌ಗಳ ಭಾಷೆ ಬಹುಪಾಲು 2015ರ ಲ್ಯಾನ್ಸೆಟ್ ಆಯೋಗದ ವರದಿಯಿಂದ ಬಂದದ್ದು. ಸುರಕ್ಷಿತವಾದ, ಕೈಗೆಟುಕುವ ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆ ಜಗತ್ತಿನಲ್ಲಿ 500 ಕೋಟಿ ಜನಕ್ಕೆ ಸಿಗುತ್ತಿಲ್ಲ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ವರ್ಷಕ್ಕೆ ಇನ್ನೂ 14.3 ಕೋಟಿ ಆಪರೇಷನ್ ಆಗಬೇಕು ಎಂದು ಹೇಳಿದ್ದು ಆ ವರದಿ. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಅಧಿವೇಶನವೂ ಈ ಬಗ್ಗೆ ಠರಾವು ಮಾಡಿತು. ಅರ್ಜಿಗೆ ಬೇಕಾಗುವುದು ವರದಿಯ ಇನ್ನೊಂದು ಮಾತು, 'ಬೆಲ್‌ವೆದರ್' ಆಪರೇಷನ್‌ಗಳು. ಸಿಸೇರಿಯನ್, ಹೊಟ್ಟೆ ತೆರೆದು ಮಾಡುವ ಲ್ಯಾಪರೊಟಮಿ, ಚರ್ಮ ಸೀಳಿ ಮೂಳೆ ಹೊರಬಂದ ಮುರಿತದ ಚಿಕಿತ್ಸೆ. ಈ ಮೂರನ್ನು ಮಾಡಬಲ್ಲ ಆಸ್ಪತ್ರೆ ಉಳಿದ ಬಹುಪಾಲು ತುರ್ತು ಆಪರೇಷನ್‌ಗಳನ್ನೂ ನಿಭಾಯಿಸುತ್ತದೆ ಎಂಬ ಲೆಕ್ಕ. 2030ರೊಳಗೆ ಪ್ರತಿ ದೇಶದ ಕನಿಷ್ಠ ಶೇ. 80 ಜನಕ್ಕೆ ಇವು 2 ಗಂಟೆಯ ದಾರಿಯೊಳಗೆ ಸಿಗಬೇಕು ಎಂಬುದು ಗುರಿ. ನಮ್ಮ ಅರ್ಜಿಯ ಮೊದಲ ಪುಟದಲ್ಲೇ ಬರೆದೆವು: ಮೊದಲ ಎರಡನ್ನು ಮಾಡುತ್ತೇವೆ, ಅದೂ ಅರಿವಳಿಕೆ ವೈದ್ಯರಿದ್ದ ದಿನ, ಮೂರನೆಯದಕ್ಕೆ ಗಾಯ ತೊಳೆದು, ಆಂಟಿಬಯಾಟಿಕ್ ಕೊಟ್ಟು, ಪಟ್ಟಿ ಕಟ್ಟಿ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತೇವೆ. ಹೀಗೆ ಬರೆದುಕೊಂಡರೆ ಅರ್ಜಿ ದುರ್ಬಲವಾಗುತ್ತದೆ ಎಂದು ಟ್ರಸ್ಟಿನ ಸಭೆಯಲ್ಲಿ ಆಕ್ಷೇಪ ಬಂತು. ಆಮೇಲೆ ಭೇಟಿಗೆ ಬಂದ ಕಂಪನಿ ಮತ್ತು ಫೌಂಡೇಷನ್ ಎರಡೂ ಕಡೆಯ ಅಧಿಕಾರಿಗಳು ಕೈಯಲ್ಲಿ ಹಿಡಿದು ಬಂದದ್ದು ಅದೇ ಪುಟವನ್ನು.

ಹಣ ಬರುವ ಬಾಗಿಲು ಎರಡು. ಒಂದು ಸಿಎಸ್‌ಆರ್, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ಖರ್ಚು ಮಾಡುವ ಹಣ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ದಾಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟು ಖರ್ಚು ಮಾಡಬೇಕು. ಆ ಹಣ ಪಡೆಯಲು ಟ್ರಸ್ಟಿಗೆ 1961ರ ಆದಾಯ ತೆರಿಗೆ ಕಾಯ್ದೆಯ 12ಎಬಿ, 80ಜಿ ನೋಂದಣಿ, ಮೂರು ವರ್ಷದ ಕೆಲಸದ ದಾಖಲೆ, ಜೊತೆಗೆ 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿ ಬೇಕು. ಇನ್ನೊಂದು ಬಾಗಿಲು ವಿದೇಶಿ ಫೌಂಡೇಷನ್. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಮೂಲ ಕೆಲಸಕ್ಕೆ 15 ಲಕ್ಷ ಖರ್ಚಾಗಿರಬೇಕು, ಹಣ ಬಂದು ಬೀಳುವ ಖಾತೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಇರಬೇಕು. 2020ರ ತಿದ್ದುಪಡಿಯ ನಂತರ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನಗರದ ದೊಡ್ಡ ಸಂಸ್ಥೆಯೊಂದು ವಿದೇಶದಿಂದ ಹಣ ತಂದು ಹಳ್ಳಿ ಆಸ್ಪತ್ರೆಗಳಿಗೆ ಹಂಚುತ್ತಿದ್ದ ದಾರಿ ಅಲ್ಲಿಗೆ ಮುಚ್ಚಿತು. ಈಗ ಸಣ್ಣ ಆಸ್ಪತ್ರೆ ತಾನೇ ನೋಂದಣಿ ಮಾಡಿಸಿಕೊಂಡು ತಾನೇ ಲೆಕ್ಕ ಕೊಡಬೇಕು. ತಿದ್ದುಪಡಿಯ ಉದ್ದೇಶ ಏನೇ ಇರಲಿ, ಗುಮಾಸ್ತರೊಬ್ಬರ ಸಂಬಳವನ್ನು ಬಜೆಟ್‌ನಲ್ಲಿ ಸೇರಿಸದೆ ಈ ಬಾಗಿಲು ತಟ್ಟಬೇಡಿ.

ದಾಖಲೆಗಳಲ್ಲಿ ಎಡವುವ ಜಾಗ ಬಹಳ ಸಣ್ಣದು. ಟ್ರಸ್ಟ್ ಡೀಡ್ ಕನ್ನಡದಲ್ಲಿ, ಪ್ಯಾನ್ ಕಾರ್ಡ್ ಇಂಗ್ಲಿಷಿನಲ್ಲಿ, ನಡುವೆ 'ಚಾರಿಟಬಲ್' ಎಂಬ ಒಂದು ಪದ ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ಸ್ವಯಂಸೇವಾ ಸಂಸ್ಥೆಗಳ ದರ್ಪಣ್ ಪೋರ್ಟಲ್, 12ಎಬಿ, ಬ್ಯಾಂಕ್, ಖಾಸಗಿ ಆಸ್ಪತ್ರೆಗಳ ಕೆಪಿಎಂಇ ನೋಂದಣಿ ಎಲ್ಲದರಲ್ಲೂ ಹೆಸರು ಅಕ್ಷರ ಬಿಡದೆ ಒಂದೇ ಇರಬೇಕು. ಇದನ್ನು ಸರಿಪಡಿಸಲು ಏಳು ವಾರ ಹೋಯಿತು. ತೀರಿಕೊಂಡ ಟ್ರಸ್ಟಿಯ ಹೆಸರು ಎಫ್‌ಸಿಆರ್‌ಎ ದಾಖಲೆಯಲ್ಲಿ ಹಾಗೇ ಉಳಿದಿದ್ದದ್ದು ಇನ್ನೊಂದು ತೊಡಕು. ಪದಾಧಿಕಾರಿಗಳು ಬದಲಾದಾಗಲೆಲ್ಲ ಎಫ್‌ಸಿ-6ಇ ನಮೂನೆ ಸಲ್ಲಿಸಬೇಕು. ವಿದೇಶಿ ಹಣದ ವಾರ್ಷಿಕ ಲೆಕ್ಕದ ನಮೂನೆ ಎಫ್‌ಸಿ-4ಕ್ಕೆ ಡಿಸೆಂಬರ್ 31 ಕೊನೆ.

ಇನ್ನು ಬಜೆಟ್. ನಿಜವಾದ ಜಗ್ಗಾಟ ನಡೆಯುವುದು ಇಲ್ಲೇ.

ಕಂಪನಿಯ ಸಿಎಸ್‌ಆರ್ ಅಧಿಕಾರಿಗೆ ಲ್ಯಾಪರೊಸ್ಕೋಪಿ ಟವರ್ (ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಆಪರೇಷನ್ ಮಾಡುವ ಯಂತ್ರ) ಮೇಲೆ ಮನಸ್ಸು. ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಒಂದೇ ಬಿಲ್, ಒಂದೇ ಉದ್ಘಾಟನೆ, ಮಾರ್ಚ್ 31ರೊಳಗೆ ಖರ್ಚು ಮುಗಿಯುತ್ತದೆ. ಅವರು ಓಟಿ ಸಿಸ್ಟರನ್ನೇ ಕೇಳಿದರು, "ಟವರ್ ಬಂದರೆ ನಿಮಗೆ ಅನುಕೂಲ ಅಲ್ಲವಾ ಸಿಸ್ಟರ್?"

"ಕೊಡ್ರಿ ಸರ್, ಬ್ಯಾಡ ಅನ್ನಂಗಿಲ್ಲ. ಆದ್ರ ಮೊದಲ ಇನ್ನೊಂದು ಆಟೋಕ್ಲೇವ್ ಕೊಡ್ರಿ. ಡ್ರಮ್ ಕೈ ಸುಡಾಕತ್ತಿರತೈತಿ, ಎರಡನೇ ಪೇಶಂಟ್ ಆಗಲೇ ಟೇಬಲ್ ಮ್ಯಾಲ ಮಲಗಿರತಾರ."

ಆಟೋಕ್ಲೇವ್ ಅಂದರೆ ಬಟ್ಟೆ, ಉಪಕರಣಗಳನ್ನು ಒತ್ತಡದ ಆವಿಯಲ್ಲಿ ಸ್ಟೆರೈಲ್ ಮಾಡುವ ಯಂತ್ರ, ಡ್ರಮ್ ಅಂದರೆ ಅವನ್ನು ತುಂಬಿ ಅದರೊಳಗೆ ಇಡುವ ಡಬ್ಬಿ. ಆ ಮಾತನ್ನು ಲೆಕ್ಕಕ್ಕೆ ಇಳಿಸಿದ್ದು ಹೀಗೆ. ಲಂಬ ಆಟೋಕ್ಲೇವ್ ಒಂದು ಸುತ್ತು ಮುಗಿಸಲು ಸುಮಾರು ಒಂದೂವರೆ ಗಂಟೆ ಬೇಕು. ನೀರು ಕಾದು ಆವಿಯಾಗಲು 20-25 ನಿಮಿಷ, ಒಳಗಿನ ಗಾಳಿ ಹೊರಹೋಗಲು ಒಂದಷ್ಟು, 121 ಡಿಗ್ರಿ ತಲುಪಿದ ಮೇಲೆ ಸುತ್ತಿದ ಬಟ್ಟೆ ಮತ್ತು ಸೆಟ್‌ಗೆ 30 ನಿಮಿಷ, ಒಣಗಲು 20. ಹರ್ನಿಯಾ ಸೆಟ್ ಎರಡು, ಸಿಸೇರಿಯನ್ ಸೆಟ್ ಎರಡು. ಬೆಳಿಗ್ಗೆ ಎಲ್ಲ ಸಿದ್ಧವಿದ್ದರೂ ಮೂರನೇ ಹರ್ನಿಯಾ ಬರುವ ಹೊತ್ತಿಗೆ ಸೆಟ್ ತೊಳೆದು, ಒರೆಸಿ, ಪ್ಯಾಕ್ ಮಾಡಿ, ಬೇಯಿಸಿ ತರಲು ಎರಡು ಗಂಟೆ ಮೀರುತ್ತದೆ. ಅರಿವಳಿಕೆ ವೈದ್ಯರು ಮಧ್ಯಾಹ್ನ 3ಕ್ಕೆ ಬಸ್ಸು ಹಿಡಿಯಬೇಕು. ಅಂದರೆ ದಿನಕ್ಕೆ ಎಷ್ಟು ಆಪರೇಷನ್ ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಸರ್ಜನ್ ಅಲ್ಲ, ಆಟೋಕ್ಲೇವ್.

ಸರಿ, ದೊಡ್ಡದೊಂದು ಅಡ್ಡ ಆಟೋಕ್ಲೇವ್ ಕೊಡುತ್ತೇವೆ ಎಂದರು. ಅದೂ ಬೇಡ ಎನ್ನಬೇಕಾಯಿತು. ಅದಕ್ಕೆ ತ್ರೀ ಫೇಸ್ ಬೇಕು, ಹೀಟರ್ 9 ಕಿಲೋವ್ಯಾಟ್‌ನಿಂದ ಮೇಲೆ. ನಮ್ಮ ಮಂಜೂರಾದ ಲೋಡ್ ಅಷ್ಟಿಲ್ಲ, ಲೋಡ್ ಏರಿಸಿದರೆ ಟ್ರಾನ್ಸ್‌ಫಾರ್ಮರ್ ಬದಲಿಸಬೇಕು, ಜನರೇಟರ್ ಮೇಲೆ ಅದು ಓಡುವುದಿಲ್ಲ. ದೊಡ್ಡದು ಒಂದೇ ಇದ್ದರೆ ಅದು ಕೆಟ್ಟ ದಿನ ಓಟಿಗೆ ಬೀಗ. ಮಧ್ಯಮ ಗಾತ್ರದ ಎರಡು ಲಂಬ ಆಟೋಕ್ಲೇವ್ ಇದ್ದರೆ ಒಂದು ಕೆಟ್ಟರೂ ಇನ್ನೊಂದು ನಡೆಯುತ್ತದೆ. ಕೊನೆಗೆ ಬಜೆಟ್‌ನಲ್ಲಿ ಕೂತದ್ದು ಹೊಸದೊಂದು ಲಂಬ ಆಟೋಕ್ಲೇವ್, ಹೆಚ್ಚುವರಿ ಮೂರು ಹರ್ನಿಯಾ ಸೆಟ್, ಎರಡು ಸಿಸೇರಿಯನ್ ಸೆಟ್, ಒಂದು ಸಣ್ಣ ಆರ್‌ಒ ಘಟಕ, ಮತ್ತು ಬಿಡಿಭಾಗಗಳ ಒಂದು ಪೆಟ್ಟಿಗೆ: ಹೀಟರ್ ಕಾಯಿಲ್ 2, ಮುಚ್ಚಳದ ಸಿಲಿಕೋನ್ ಗ್ಯಾಸ್ಕೆಟ್ 2, ಸೇಫ್ಟಿ ವಾಲ್ವ್ 1, ಪ್ರೆಷರ್ ಗೇಜ್ 1. ಆರ್‌ಒ ಐಷಾರಾಮ ಎಂದು ಮೊದಲು ಹೊಡೆದುಹಾಕಿದ್ದರು. ನಮ್ಮ ಕಡೆಯ ಬೋರ್‌ವೆಲ್ ನೀರಿಗೆ ಹೀಟರ್ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಶಾಖ ನೀರಿಗೆ ಇಳಿಯದೆ ಕಾಯಿಲೇ ಸುಟ್ಟುಹೋಗುತ್ತದೆ. ಸುಟ್ಟ ಕಾಯಿಲೊಂದನ್ನು ಮೇಜಿನ ಮೇಲಿಟ್ಟ ಮೇಲೆ ಆರ್‌ಒ ಸಾಲು ಪಟ್ಟಿಗೆ ವಾಪಸ್ ಬಂತು.

ಇದೇ ಜಾಗದಲ್ಲಿ ತರಬೇತಿಗೂ ಒಂದು ಸಾಲು ಸೇರಿಸಿ. ಗೇಜ್‌ನಲ್ಲಿ 15 ಪೌಂಡ್ ತೋರಿಸಿತೆಂದರೆ ಸ್ಟೆರೈಲ್ ಆಯಿತು ಎಂದುಕೊಳ್ಳುವುದು ಎಲ್ಲ ಕಡೆ ಕಾಣುವ ತಪ್ಪು. ಒಳಗೆ ಗಾಳಿ ಉಳಿದಿದ್ದರೆ ಒತ್ತಡ 15 ಇದ್ದೂ ಉಷ್ಣತೆ 121ಕ್ಕೆ ಮುಟ್ಟಿರುವುದಿಲ್ಲ. ಡ್ರಮ್ಮಿಗೆ ಗೌನ್‌ಗಳನ್ನು ಒತ್ತಿ ತುಂಬಿದರೆ ನಡುವಿನ ಮಡಿಕೆಗೆ ಆವಿ ಹೋಗುವುದೇ ಇಲ್ಲ. ಇಂಡಿಕೇಟರ್ ಪಟ್ಟಿಯನ್ನು ಡ್ರಮ್ಮಿನ ಮೇಲ್ಗಡೆ ಇಟ್ಟು ಬಣ್ಣ ಬದಲಾಯಿತು ಎಂದು ಸಮಾಧಾನಪಟ್ಟರೆ ಉಪಯೋಗವಿಲ್ಲ, ಪಟ್ಟಿ ಇರಬೇಕಾದ್ದು ಪ್ಯಾಕಿನ ನಟ್ಟನಡುವೆ. ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್, ಅಂದರೆ ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾವನ್ನು ಒಳಗಿಟ್ಟು ಅದು ಸತ್ತಿದೆಯೇ ಎಂದು ನೋಡುವ ಪರೀಕ್ಷೆ. ಇವೆಲ್ಲ ಸಣ್ಣ ಖರ್ಚು, ಆದರೆ ಬಜೆಟ್‌ನಲ್ಲಿ ಹೆಸರು ಹಿಡಿದು ಬರೆಯದಿದ್ದರೆ ಎರಡನೇ ತಿಂಗಳಿಗೇ ಇಂಡಿಕೇಟರ್ ಪಟ್ಟಿ ಮುಗಿದು, 'ಬಂದ ಮೇಲೆ ಹಾಕೋಣ' ಎಂಬ ಮಾತು ಶುರುವಾಗುತ್ತದೆ.

ಸಾಮಗ್ರಿ ಖರ್ಚನ್ನು 'ಕನ್ಸ್ಯೂಮಬಲ್ಸ್, ಒಟ್ಟು ಇಷ್ಟು' ಎಂದು ಬರೆದರೆ ಕತ್ತರಿ ಬೀಳುವುದು ಖಚಿತ. ನಾವು ಒಂದು ಹರ್ನಿಯಾದ ಪಟ್ಟಿಯನ್ನೇ ಬಿಡಿಸಿ ಕೊಟ್ಟೆವು. 25 ಗೇಜ್ ಸ್ಪೈನಲ್ ಸೂಜಿ ಒಂದು, ಕೈತಪ್ಪಿ ಕೆಳಗೆ ಬೀಳುವ ಅಂದಾಜಿಗೆ ಹತ್ತಕ್ಕೊಂದು ಹೆಚ್ಚುವರಿ. ಶೇ. 0.5 ಹೆವಿ ಬುಪಿವಕೇನ್ ಆಂಪೂಲ್ ಒಂದು. ರಿಂಗರ್ ಲ್ಯಾಕ್ಟೇಟ್ 500 ಮಿಲಿ ಎರಡು, ಐವಿ ಸೆಟ್, ಕ್ಯಾನುಲಾ. ಸ್ಟೆರೈಲ್ ಗ್ಲೌಸ್ ಐದು ಜೊತೆ. ಸರ್ಜನ್, ಸಹಾಯಕ, ಸಿಸ್ಟರ್, ಅರಿವಳಿಕೆಯವರು, ಹರಿದರೆ ಒಂದು. ಮೆಶ್ (ಹರ್ನಿಯಾದ ಜಾಗಕ್ಕೆ ಒಳಗಿಂದ ಹಾಕುವ ಬಲೆ) ಒಂದು, ಹೊಲಿಗೆ ದಾರ ಮೂರು ಫಾಯಿಲ್, ಛೇದನಕ್ಕೆ ಮೊದಲಿನ ಒಂದು ಡೋಸ್ ಆಂಟಿಬಯಾಟಿಕ್, ಡ್ರೆಸ್ಸಿಂಗ್, ಕೆಂಪು-ಹಳದಿ ಚೀಲ ಮತ್ತು ಜೈವಿಕ ತ್ಯಾಜ್ಯ ಒಯ್ಯುವವರ ಶುಲ್ಕದಲ್ಲಿ ಅದರ ಪಾಲು. ಪಟ್ಟಿ ಹೀಗಿದ್ದರೆ ಯಾವ ಸಾಲನ್ನು ಕತ್ತರಿಸಲಿ ಎಂದು ಅವರೇ ಕೇಳಬೇಕಾಗುತ್ತದೆ. ಎಲ್ಲ ಬೆಲೆಯನ್ನೂ ಜಿಎಸ್‌ಟಿ ಸೇರಿಸಿಯೇ ಬರೆಯಿರಿ. ಚಿಕಿತ್ಸೆಯ ಮೇಲೆ ತೆರಿಗೆ ಇಲ್ಲದ್ದರಿಂದ ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆ ಆಸ್ಪತ್ರೆಗೆ ವಾಪಸ್ ಬರುವುದಿಲ್ಲ.

ಮೆಶ್ ವಿಷಯ ಬಂದಾಗ ಹೇಳಬೇಕಾದ್ದು. ಕಂಪನಿ ಮೆಶ್ ದುಬಾರಿ ಎಂದು ಮಹಾರಾಷ್ಟ್ರದ ದೊಂಡಾಯಿಚಾದಲ್ಲಿ ಡಾ. ಟೊಂಗಾಂವಕರ್ ಅವರು ಕೀಟನಾಶಕ ಹಾಕದ ಸೊಳ್ಳೆಪರದೆಯ ಬಟ್ಟೆಯನ್ನೇ ಸ್ಟೆರೈಲ್ ಮಾಡಿ ಬಳಸಿದರು. ಅದು ಆಫ್ರಿಕಾಗೂ ಹೋಯಿತು. ಪೂರ್ವ ಉಗಾಂಡದಲ್ಲಿ 302 ಗಂಡಸರ ಮೇಲೆ ಎರಡನ್ನೂ ಹೋಲಿಸಿ ನೋಡಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಹರ್ನಿಯಾ ಮರುಕಳಿಸಿದ್ದರಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಸ್ಥಳೀಯರ ನೇತೃತ್ವ ಅಂದರೆ ಏನು ಎಂದು ಫೌಂಡೇಷನ್‌ನವರು ಫಾರ್ಮಿನಲ್ಲಿ 300 ಪದದ ಉತ್ತರ ಕೇಳಿದ್ದರು. ನಾವು ಈ ಉದಾಹರಣೆಯನ್ನೇ ಬರೆದೆವು. ಆದರೆ ಬಜೆಟ್‌ನಲ್ಲಿ ಹಾಕಿದ್ದು ಲೈಸೆನ್ಸ್ ಇರುವ ಮೆಶ್. ಪ್ರಯೋಗದ ಹೊರಗೆ, ಆಡಿಟ್ ಆಗುವ ಹಣದಲ್ಲಿ, ಬೇರೆ ದಾರಿ ಇಲ್ಲ.

ಅರಿವಳಿಕೆ ವೈದ್ಯರ ಸಾಲು ಅತಿ ಹೆಚ್ಚು ಚರ್ಚೆಯಾದದ್ದು. ಕೇಸಿಗಿಷ್ಟು ಎಂದು ಕೊಡುತ್ತಿದ್ದಾಗ, ಒಂದೇ ಕೇಸ್ ಇದ್ದ ದಿನ 60 ಕಿಲೋಮೀಟರ್ ಬರಲು ಅವರಿಗೆ ಕಟ್ಟುತ್ತಿರಲಿಲ್ಲ. ಅವರು ಬರಲಿಲ್ಲವೆಂದು ಆ ಒಂದು ಕೇಸೂ ರದ್ದು. ವಾರಕ್ಕೆ ಎರಡು ನಿಗದಿತ ದಿನ, ಕೇಸ್ ಇರಲಿ ಬಿಡಲಿ ದಿನದ ಸಂಭಾವನೆ, ಪ್ರಯಾಣ ಪ್ರತ್ಯೇಕ, ರಾತ್ರಿಯ ಎಮರ್ಜೆನ್ಸಿಗೆ ಕೇಸಿನ ಲೆಕ್ಕ. ಹೀಗೆ ಬರೆದೆವು. ಕೇಸ್ ಇಲ್ಲದ ದಿನಕ್ಕೂ ದುಡ್ಡೇ ಎಂದು ಎರಡೂ ಕಡೆಯವರು ಕೇಳಿದರು. ಆ ದಿನ ಅವರು ಮುಂದಿನ ಲಿಸ್ಟಿನ ರೋಗಿಗಳ ಪಿಎಸಿ ತಪಾಸಣೆ (ಅರಿವಳಿಕೆಗೆ ಮೊದಲಿನ ತಪಾಸಣೆ) ಮುಗಿಸುತ್ತಾರೆ, ಸಿಸ್ಟರುಗಳಿಗೆ ಉಸಿರಾಟದ ದಾರಿ ನಿಭಾಯಿಸುವ ಅಭ್ಯಾಸ ಮಾಡಿಸುತ್ತಾರೆ, ಅರಿವಳಿಕೆ ಯಂತ್ರ ಮತ್ತು ಸಿಲಿಂಡರ್ ಪರೀಕ್ಷಿಸಿ ಸಹಿ ಹಾಕುತ್ತಾರೆ ಎಂದು ಕೆಲಸವನ್ನು ಪಟ್ಟಿ ಮಾಡಿ ಒಪ್ಪಂದಕ್ಕೆ ಲಗತ್ತಿಸಿದ ಮೇಲೆ ಒಪ್ಪಿಗೆ ಸಿಕ್ಕಿತು. ಬಿಪಿ ಹಿಡಿತದಲ್ಲಿಲ್ಲವೆಂದು ಟೇಬಲ್ ಮೇಲಿಂದಲೇ ರೋಗಿಯನ್ನು ಇಳಿಸಿ ಕಳಿಸುವುದು ಪಿಎಸಿ ಮೊದಲೇ ಆದ್ದರಿಂದ ಬಹಳ ಕಡಿಮೆಯಾಯಿತು.

ವೈದ್ಯರ ಸಂಬಳ ಆಡಳಿತ ವೆಚ್ಚದ ಮಿತಿಯೊಳಗೆ ಬರುತ್ತದೆ ಎಂದು ಸಿಎಸ್‌ಆರ್ ಮತ್ತು ಎಫ್‌ಸಿಆರ್‌ಎ ಎರಡರ ಹೆಸರಿನಲ್ಲೂ ಹೇಳುವ ಮಾತು ತಪ್ಪು. ಸಿಎಸ್‌ಆರ್‌ನಲ್ಲಿ ಶೇ. 5ರ ಮಿತಿ ಇರುವುದು ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ. ಯೋಜನೆಯ ಭಾಗವಾಗಿರುವ ವೈದ್ಯರ ಸಂಬಳಕ್ಕಲ್ಲ. ಎಫ್‌ಸಿಆರ್‌ಎಯಲ್ಲಿ ಆಡಳಿತ ವೆಚ್ಚ ಶೇ. 20 ಮೀರಬಾರದು ನಿಜ, ಆದರೆ ಆಸ್ಪತ್ರೆಯ ವೈದ್ಯರ ಸಂಬಳವನ್ನು ಅದರಿಂದ ಹೊರಗಿಡಬೇಕು ಎಂದು ಅದೇ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ನಿಯಮದ ಪ್ರತಿಯನ್ನು ಗೆರೆ ಎಳೆದು ಆಡಿಟರ್ ಟಿಪ್ಪಣಿ ಸಮೇತ ಕಳಿಸಿ. ಬಾಯಿಮಾತಿಗೆ ಯಾರೂ ಬಗ್ಗುವುದಿಲ್ಲ. ಜೊತೆಗೆ ಕಂಪನಿಯವರಿಗೆ ಇದನ್ನು 'ಆನ್‌ಗೋಯಿಂಗ್ ಪ್ರಾಜೆಕ್ಟ್' ಎಂದು ಅವರ ಬೋರ್ಡಿನಲ್ಲಿ ಠರಾವು ಮಾಡಲು ಕೇಳಿಕೊಳ್ಳಿ. ಶುರುವಾದ ವರ್ಷ ಬಿಟ್ಟು ಇನ್ನು ಮೂರು ವರ್ಷ ಅದು ನಡೆಯಬಹುದು. ಖರ್ಚಾಗದ ಹಣ ಪ್ರತ್ಯೇಕ ಖಾತೆಯಲ್ಲಿ ಉಳಿಯುತ್ತದೆ, ಮಾರ್ಚ್ ಕೊನೆಯ ವಾರದಲ್ಲಿ ಬೇಡದ ಯಂತ್ರ ಕೊಳ್ಳುವ ಗಡಿಬಿಡಿ ತಪ್ಪುತ್ತದೆ. ಈ ಒಂದು ಪದ ಇಲ್ಲದೆ ಸಂಬಳಕ್ಕೆ ಸಿಎಸ್‌ಆರ್ ಹಣ ತರುವುದು ಹೆಚ್ಚುಕಡಿಮೆ ಆಗದ ಮಾತು.

ಆಕ್ಸಿಜನ್‌ಗೆ ಹೆಚ್ಚು ಹೇಳುವುದಿಲ್ಲ. ಡಿ ಟೈಪ್ ಜಂಬೋ ಸಿಲಿಂಡರಿನಲ್ಲಿ ಸುಮಾರು 7000 ಲೀಟರ್, ನಿಮಿಷಕ್ಕೆ 4 ಲೀಟರ್‌ನಂತೆ 29 ಗಂಟೆ ಬರುತ್ತದೆ. ಬಿ ಟೈಪ್ 1500 ಲೀಟರ್, 6 ಗಂಟೆ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಕಾನ್ಸಂಟ್ರೇಟರ್ ಕರೆಂಟ್ ಹೋದೊಡನೆ ನಿಲ್ಲುತ್ತದೆ, ಆದ್ದರಿಂದ ಅದು ಸಿಲಿಂಡರಿಗೆ ಬದಲಿ ಎಂದು ಬಜೆಟ್‌ನಲ್ಲಿ ತೋರಿಸಬೇಡಿ. ಪಲ್ಸ್ ಆಕ್ಸಿಮೀಟರ್ ಕೇಳಿದರೆ ಬೆರಳಿಗೆ ಹಾಕುವ ಪ್ರೋಬ್ ಎರಡು ಹೆಚ್ಚಿಗೆ ಕೇಳಿ. ಯಂತ್ರ ವರ್ಷಗಟ್ಟಲೆ ಬಾಳುತ್ತದೆ, ವಯರ್ ಟ್ರಾಲಿ ಚಕ್ರಕ್ಕೆ ಸಿಕ್ಕಿ ತುಂಡಾಗುತ್ತದೆ. ಹೊರದೇಶದಿಂದ ಬಳಸಿದ ಯಂತ್ರ ಕಳಿಸುತ್ತೇವೆಂದವರಿಗೆ ಕೈಮುಗಿದೆವು. 110 ವೋಲ್ಟ್, 60 ಹರ್ಟ್ಜ್‌ನ ಕಾಟರಿ (ಸುಟ್ಟು ರಕ್ತ ನಿಲ್ಲಿಸುವ ಯಂತ್ರ)ಗೆ ಇಲ್ಲಿ ಬಿಡಿಭಾಗ ಹುಡುಕುವ ಶಕ್ತಿ ನಮಗಿಲ್ಲ.

ಭೇಟಿಗೆ ಬಂದ ಎಲ್ಲರದ್ದೂ ಒಂದೇ ಪ್ರಶ್ನೆ: ನಮ್ಮ ಹಣ ನಿಂತ ಮೇಲೆ ಏನು? ಉತ್ತರ ಸರ್ಕಾರದ ಚಿಕಿತ್ಸಾ ಯೋಜನೆಯಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕ್ಲೇಮ್‌ಗಳಲ್ಲಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30. ಆದರೆ ಕ್ಲೇಮ್ ಹಣ ಕೈಸೇರುವವರೆಗೆ ದಾರ, ಔಷಧ, ಸಂಬಳ ನಿಲ್ಲುವಂತಿಲ್ಲ. ಆದ್ದರಿಂದ ದೇಣಿಗೆಯ ಒಂದು ಭಾಗವನ್ನು ನಾಲ್ಕು ತಿಂಗಳ ಖರ್ಚಿನಷ್ಟು ಸುತ್ತುನಿಧಿಯಾಗಿ ಇಡಲು ಕೇಳಿದೆವು. ಕಂಪನಿ ಒಪ್ಪಲಿಲ್ಲ, ವಿದೇಶಿ ಫೌಂಡೇಷನ್ ಒಪ್ಪಿತು. ಇದರಲ್ಲೊಂದು ಹೊಂಡವಿದೆ. ಯೋಜನೆಯಿಂದ ಪ್ಯಾಕೇಜ್ ಹಣ ಬಂದ ರೋಗಿಯ ಮೆಶ್ಶನ್ನೇ ದೇಣಿಗೆ ಲೆಕ್ಕಕ್ಕೂ ಬರೆದರೆ ಅದು ಒಂದು ಖರ್ಚಿಗೆ ಎರಡು ಕಡೆ ಹಣ ಪಡೆದಂತೆ. ರಿಜಿಸ್ಟರಿನಲ್ಲಿ 'ಹಣದ ಮೂಲ' ಎಂಬ ಕಾಲಂ ಹಾಕಿ, ಡಿಸ್ಚಾರ್ಜ್ ದಿನವೇ ತುಂಬಿಸಿ. ವರ್ಷದ ಕೊನೆಯಲ್ಲಿ ತುಂಬಿಸಲು ಕೂತರೆ ಆಡಿಟರಿಗೆ ಗೊತ್ತಾಗುತ್ತದೆ.

ಒಪ್ಪಂದದಲ್ಲಿ ಹೋರಾಡಿ ಬದಲಿಸಿಕೊಂಡ ಮಾತುಗಳು ಕೆಲವು. 'ಎಲ್ಲ ರೋಗಿಗಳ ಫೋಟೊ' ಎಂಬುದು 'ಲಿಖಿತ ಒಪ್ಪಿಗೆ ಕೊಟ್ಟವರ ಫೋಟೊ, ಒಪ್ಪಿಗೆ ಕೇಳುವುದು ಡಿಸ್ಚಾರ್ಜ್ ಆದ ಮೇಲೆ' ಎಂದಾಯಿತು. ಟೇಬಲ್ ಮೇಲೆ ಮಲಗಿದವರು ಬೇಡ ಎನ್ನುವುದು ಹೇಗೆ? ಯಂತ್ರಗಳ ಮೂರು ವರ್ಷದ ಸಮಗ್ರ ನಿರ್ವಹಣಾ ಕರಾರಿನ ಹಣವನ್ನು ಖರೀದಿಯ ಜೊತೆಗೇ ಕಟ್ಟಲು ಒಪ್ಪಿಸಿದೆವು. ದಾನಿಗಳ ಹೆಸರಿನ ಗ್ರಾನೈಟ್ ಫಲಕ ಓಟಿಯ ಒಳಗೋಡೆಗೆ ಎಂದಿತ್ತು. ಗೋಡೆ ಕೊರೆದರೆ ಧೂಳು, ಧೂಳಾದರೆ ಓಟಿ ತೊಳೆದು ಶುದ್ಧಿ ಮಾಡಿ ಸ್ವಾಬ್ ಕಲ್ಚರ್ ವರದಿ ಬರುವವರೆಗೆ ಮುಚ್ಚಬೇಕು ಎಂದು ವಿವರಿಸಿದ ಮೇಲೆ ಫಲಕ ಹೊರರೋಗಿ ವಿಭಾಗದ ಗೋಡೆಗೆ ಹೋಯಿತು. ಡಾಲರಿನ ಲೆಕ್ಕದಲ್ಲಿ ಬರುವ ಕಂತಿಗೆ ವಿನಿಮಯ ದರ ಏರಿಳಿದರೆ ವ್ಯತ್ಯಾಸ ಯಾರ ತಲೆಗೆ ಎಂಬುದನ್ನೂ ಬರೆಸಿಕೊಳ್ಳಿ. ವಿದೇಶಿ ಹಣದ ಮೇಲೆ ಬ್ಯಾಂಕ್ ಕೊಡುವ ಬಡ್ಡಿಯೂ ವಿದೇಶಿ ಹಣವೇ, ಅದನ್ನು ಬೇರೆಡೆ ಖರ್ಚು ಮಾಡುವಂತಿಲ್ಲ.

ಜೂನ್‌ನಲ್ಲಿ ರಿಜಿಸ್ಟರ್ ತೆರೆದದ್ದು. ಸಿಎಸ್‌ಆರ್ ಹಣ ಬಂದದ್ದು ಮರುವರ್ಷದ ಮಾರ್ಚ್ ಕೊನೆಗೆ, ಫೌಂಡೇಷನ್ನಿನ ಮೊದಲ ಕಂತು ಅದೇ ವರ್ಷದ ಜುಲೈನಲ್ಲಿ.

ವರದಿಯ ನಮೂನೆ ಬಂದಾಗ ಅದರಲ್ಲಿದ್ದದ್ದು ಎಷ್ಟು ಆಪರೇಷನ್ ಎಂಬ ಒಂದೇ ಸಂಖ್ಯೆ. ಸಂಖ್ಯೆ ಏರಿಸುವುದು ಸುಲಭ. ಸಣ್ಣ ಗಡ್ಡೆ, ಸುನ್ನತಿ ಎಲ್ಲ ಸೇರಿಸಿದರೆ ಆಯಿತು. ನಾವು ಸೇರಿಸಲು ಕೇಳಿದ್ದು ಮೂರು. ಆಪರೇಷನ್ ನಂತರ ಡಿಸ್ಚಾರ್ಜ್‌ಗೆ ಮೊದಲು ಆದ ಸಾವು, ಶೇಕಡಾವಾರು ಬೇಡ, ಇಷ್ಟರಲ್ಲಿ ಇಷ್ಟು ಎಂದು. 400 ಆಪರೇಷನ್ ಆಗುವ ಕಡೆ ಒಂದು ಸಾವು ಹೆಚ್ಚಾದರೆ ಶೇ. 0.25 ಏರುತ್ತದೆ, ಅದನ್ನು ನೋಡಿ ಗಾಬರಿಯಾದವರು ಕಷ್ಟದ ಕೇಸ್ ತೆಗೆದುಕೊಳ್ಳಬೇಡಿ ಎನ್ನುತ್ತಾರೆ. ಎರಡನೆಯದು ಗಾಯದ ಸೋಂಕು, 10ನೇ ಮತ್ತು 30ನೇ ದಿನ ಫೋನ್ ಮಾಡಿ ಕೇಳಿ ಬರೆದದ್ದು. ಮೆಶ್ ಹಾಕಿದವರಿಗೆ 90ನೇ ದಿನವೂ. ಫೋನ್ ಸಿಗದವರನ್ನು 'ಸೋಂಕಿಲ್ಲ' ಎಂದು ಬರೆಯಬಾರದು, 'ಸಿಗಲಿಲ್ಲ' ಎಂದೇ ಬರೆಯಬೇಕು. ಮೂರನೆಯದು ರದ್ದಾದ ಆಪರೇಷನ್‌ಗಳು, ಕಾರಣ ಸಮೇತ. ಈಗ ಅದಕ್ಕೆ ಪ್ರತ್ಯೇಕ ರಿಜಿಸ್ಟರ್ ಇದೆ, ಕೆಂಪು ರಟ್ಟಿನದು, ಓಟಿ ಬಾಗಿಲ ಪಕ್ಕದ ಮೇಜಿನ ಮೇಲೆ. ಎರಡನೇ ವರ್ಷದ ಅರ್ಜಿ ಅದರಿಂದಲೇ ಬರೆದದ್ದು. ಅರಿವಳಿಕೆ ಮತ್ತು ಸೆಟ್ ಎಂಬ ಕಾರಣಗಳು ಕೆಳಗಿಳಿದಿವೆ, ಈಗ ಮೇಲೆ ನಿಂತಿರುವುದು ರಕ್ತ. ಹಾಗಾಗಿ ಈ ಸಲ ಕೇಳಿರುವುದು ರಕ್ತ ಸಂಗ್ರಹ ಘಟಕಕ್ಕೆ 2ರಿಂದ 6 ಡಿಗ್ರಿ ಕಾಯುವ ಫ್ರಿಜ್, ಅದಕ್ಕೊಂದು ಯುಪಿಎಸ್, ಮತ್ತು ಒಬ್ಬ ಲ್ಯಾಬ್ ಟೆಕ್ನೀಷಿಯನ್ನರ ರಾತ್ರಿ ಪಾಳಿಯ ಸಂಬಳ. ಫ್ರಿಜ್‌ಗೆ ಆಗಲೇ ಇಬ್ಬರು ಮುಂದೆ ಬಂದಿದ್ದಾರೆ. ರಾತ್ರಿ ಪಾಳಿಯ ಸಾಲಿನ ಬಗ್ಗೆ ಪತ್ರ ವ್ಯವಹಾರ ನಡೆಯುತ್ತಿದೆ.